ಮೆಡಿಕಲ್ ಪಾಸಾದ ಭಾವ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಅಡುಗೆಕೋಣೆಯಿಂದ ಕೊತ್ತಂಬರಿ, ಜೀರಿಗೆ ಕುದಿಯುವ ವಾಸನೆ ಬಂತು. ಮೈಗೆ ತಂಪು, ಒಳ್ಳೆಯದೇ, ಇಲ್ಲ ಎನ್ನುವುದಿಲ್ಲ. ಆದರೆ ಆ ವಾಸನೆ ಬಡಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಎದ್ದು ಕಿಟಕಿ ಮುಚ್ಚಿ ಬಂದೆ. ನನ್ನ ಬಾಯಿ ಜೋರು, ಮೂಗು ಅದಕ್ಕಿಂತ ಜೋರು ಎಂದು ನಮ್ಮ ಮನೆಯವರು ಹೇಳುವುದುಂಟು. ಇರಲಿ, ನೀವೂ ಕೂತುಕೊಳ್ಳಿ, ಕಾರಣ ಹೇಳುತ್ತೇನೆ.

ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ನೀವು ಯಾವ ಮನೆಗೆ ಬೇಕಾದರೂ ಹೋಗಿ. ಹೆಂಗಸಿಗೆ ಹೊಕ್ಕುಳಿನಿಂದ ಕೆಳಗೆ ಬರುವ ಕಾಯಿಲೆಗಳಿಗೆಲ್ಲ ಒಂದೇ ಹೆಸರು: ಉಷ್ಣ. ಮೂತ್ರ ಉರಿದರೆ ಉಷ್ಣ, ಬಿಳಿ ಹೋದರೆ ಉಷ್ಣ, ಕಿಬ್ಬೊಟ್ಟೆ ಹಿಂಡಿದರೂ ಉಷ್ಣವೇ. ಮದ್ದೂ ಹಾಗೇ, ಅದೇ ಕೊತ್ತಂಬರಿ ಕಷಾಯ ಮತ್ತು ಬೊಂಡ, ಎಂದರೆ ಎಳನೀರು. ನಾನು ಕಾಲೇಜಿನಲ್ಲಿ ವಿಜ್ಞಾನ ಓದಿದವಳು. ಲೈಂಗಿಕ ರೋಗಗಳ ಪಾಠ ಬಂದಾಗ ನಮ್ಮ ಸರ್ "ಇದನ್ನು ನೀವೇ ಓದಿಕೊಳ್ಳಿ" ಎಂದು ಪುಟ ಮಗುಚಿದರು. ನಾವು ಹುಡುಗಿಯರು ಮನೆಯಲ್ಲಿ ಬಹಳ ಶ್ರದ್ಧೆಯಿಂದಲೇ ಓದಿಕೊಂಡೆವು. ಆದರೂ ಅದೆಲ್ಲ ಮುಂಬಯಿಯ ಯಾವುದೋ ಗಲ್ಲಿಯವರಿಗೆ ಬರುವ ರೋಗ, ಮರ್ಯಾದಸ್ಥರ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದೇ ನಂಬಿದ್ದೆ. ಅಷ್ಟು ಬುದ್ಧಿವಂತೆ ನಾನು!

ವಾರಿಜಕ್ಕ ನನ್ನ ದೊಡ್ಡಮ್ಮನ ಮಗಳು. ಪುಂಜಾಲಕಟ್ಟೆಯ ಹತ್ತಿರದ ಒಂದು ದೊಡ್ಡ ಮನೆಗೆ ಸೊಸೆಯಾಗಿ ಹೋದಳು. ಭಾವ ಗಲ್ಫಿನಲ್ಲಿದ್ದರು. ಅಲ್ಲಿಗೆ ಹೋಗುವವರಿಗೆ ವೀಸಾಕ್ಕಾಗಿ ಮಂಗಳೂರಿನಲ್ಲಿ ರಕ್ತ, ಎದೆಯ ಎಕ್ಸ್‌ರೇ ಎಲ್ಲ ನೋಡುತ್ತಾರಲ್ಲ, ಅದಕ್ಕೆ ನಮ್ಮ ಊರಿನಲ್ಲಿ 'ಮೆಡಿಕಲ್' ಎಂದು ಹೆಸರು. ಮೆಡಿಕಲ್ ಪಾಸಾದ ಗಂಡಸೆಂದರೆ ಮುಗಿಯಿತು, ಅವನಲ್ಲಿ ಎಂಥ ದೋಷವೂ ಇಲ್ಲ. ಹೆಣ್ಣು ಕೊಡುವ ಮಾತುಕತೆಯಲ್ಲಿ ಜಾತಕದ ಜೊತೆಗೆ ಅದನ್ನೂ ಹೇಳುವವರಿದ್ದಾರೆ. ಭಾವನ ಅಮ್ಮ, ನಾವು ಮಾಮಿ ಎಂದು ಕರೆಯುವವರು, ಬಂದವರಿಗೆಲ್ಲ ಹೇಳುತ್ತಿದ್ದರು: "ನನ್ನ ಮಗನಿಗೆ ಎಲ್ಲ ಟೆಸ್ಟೂ ಆಗಿದೆ, ಚಿನ್ನದಂಥ ರಕ್ತ."

ಮದುವೆಯ ನಂತರದ ಮೊದಲ ರಜೆಗೆ ಭಾವ ಬಂದರು. ಅವರು ಇನ್ನೂ ಊರಲ್ಲಿದ್ದಾಗಲೇ ವಾರಿಜಕ್ಕನಿಗೆ ಜ್ವರ, ಕಿಬ್ಬೊಟ್ಟೆಯಲ್ಲಿ ತಡೆಯಲಾರದ ನೋವು. ಮಾಮಿ ಕಷಾಯ ಕುದಿಸಿದರು. ಬೊಂಡ ಕೆತ್ತಿ ಕೈಗೆ ಕೊಟ್ಟದ್ದು ಭಾವನೇ. "ಎಂಥ ಪ್ರೀತಿ ಮಾರಾಯ್ತಿ, ನಿನ್ನ ಗಂಡನದ್ದು" ಎಂದು ನಾನು ತಮಾಷೆ ಮಾಡಿದ್ದೆ. ಜ್ವರ ಇಳಿಯಿತು. ನೋವು ಆಗಾಗ ಬರುತ್ತಾ ಹೋಗುತ್ತಾ ಉಳಿಯಿತು. ಮಗು ಮಾತ್ರ ಬರಲಿಲ್ಲ.

ಮಗು ಬಾರದಿದ್ದರೆ ನಮ್ಮಲ್ಲಿ ಮೊದಲು ಹೋಗುವುದು ಜ್ಯೋತಿಷಿಯ ಹತ್ತಿರ. ನಾಗದೋಷ ಕಂಡಿತು, ಅದೂ ಸೊಸೆಯ ಕಡೆಯಿಂದ ಬಂದದ್ದು. ಆಶ್ಲೇಷಾ ಬಲಿ ಮಾಡಿಸಿದರು, ಮತ್ತೆ ಮಾಡಿಸಿದರು. ಉಪವಾಸ ಮಾಡಿ ಮಾಡಿ ವಾರಿಜಕ್ಕ ಸೊರಗಿ ಕಡ್ಡಿಯಾದಳು. ಭಾವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವರದ್ದು ಮೆಡಿಕಲ್ ಪಾಸಾಗಿತ್ತಲ್ಲ!

ಕೊನೆಗೆ ಹಟ ಹಿಡಿದು ಅವಳನ್ನು ಮೂಡುಬಿದಿರೆಯ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು. ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡಿದರು. ಗರ್ಭನಾಳ ಎರಡೂ ಕಡೆ ಮುಚ್ಚಿ ಹೋಗಿತ್ತು. ರಜೆಯಲ್ಲಿದ್ದ ಭಾವನನ್ನೂ ಕರೆಸಿದರು. ನನ್ನನ್ನು ಹೊರಗೆ ಕೂರಲು ಹೇಳಿದಾಗ ವಾರಿಜಕ್ಕ ನನ್ನ ಕೈ ಬಿಡಲಿಲ್ಲ. "ಅವಳು ಇರ್ಲಿ ಡಾಕ್ಟ್ರೇ" ಎಂದಳು.

"ಮದುವೆಯಾದ ಮೇಲೆ ನಿಮಗೆ ಯಾವಾಗಾದ್ರೂ ಉರಿಮೂತ್ರ, ಕೀವು ಹೋಗುದು, ಅಂಥದ್ದು ಉಂಟಾಗಿತ್ತಾ?" ಡಾಕ್ಟರು ಭಾವನನ್ನು ಕೇಳಿದರು.

ಭಾವ ನಾಚಲೂ ಇಲ್ಲ. "ಅದು ಆಗ, ಮೊದಲ ರಜೆಗೆ ಬರುವ ಮೊದಲು ಸ್ವಲ್ಪ ಇತ್ತು. ರಜೆ ಮುಗಿಸಿ ಹೋದವನೇ ಅಲ್ಲಿ ಸರಿ ಮಾಡಿಸಿದ್ದೇನೆ. ಒಂದು ಇಂಜೆಕ್ಷನ್, ಒಂದು ವಾರ ಮಾತ್ರೆ. ನಂದು ಪೂರಾ ಗುಣ ಆಗಿದೆ."

"ಹೆಂಡತಿಗೆ?"

"ಅವಳಿಗೆ ಎಂತಕ್ಕೆ? ಅವಳದ್ದು ಉಷ್ಣ ಅಲ್ವಾ?"

ಡಾಕ್ಟರು ಪೆನ್ನು ಕೆಳಗಿಟ್ಟು ವಾರಿಜಕ್ಕನನ್ನು ನೋಡಿಕೊಂಡೇ ಮಾತಾಡಿದರು. ಗೊನೊರಿಯಾ, ಕ್ಲಮೀಡಿಯಾ ಎಂಬ ಈ ಬ್ಯಾಕ್ಟೀರಿಯಾಗಳು ಸಂಭೋಗದಿಂದ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ಗಂಡಸಿಗಾದರೆ ಹೆಚ್ಚಾಗಿ ಉರಿಯೋ ಕೀವೋ ಕಾಣಿಸಿ ಅವನು ಮದ್ದಿಗೆ ಓಡುತ್ತಾನೆ. ಎಷ್ಟೋ ಹೆಂಗಸರಿಗೆ ಏನೂ ಗೊತ್ತಾಗುವುದೇ ಇಲ್ಲ. ಸೋಂಕು ಮೆಲ್ಲಗೆ ಗರ್ಭಕೋಶಕ್ಕೆ, ಅಲ್ಲಿಂದ ನಾಳಕ್ಕೆ ಏರುತ್ತದೆ. ವೀಸಾದ ಮೆಡಿಕಲ್‌ನಲ್ಲಿ ಸಿಫಿಲಿಸ್ ನೋಡುತ್ತಾರೆ, ಇವನ್ನು ನೋಡುವುದಿಲ್ಲ. ಬೇಗ ಹಿಡಿದು ಗಂಡ ಹೆಂಡತಿ ಇಬ್ಬರಿಗೂ ಆಂಟಿಬಯೋಟಿಕ್ ಕೊಟ್ಟು, ಗುಣವಾಗುವವರೆಗೆ ದೂರ ಇರಿಸಿದರೆ ವಾಸಿಯಾಗುವ ಕಾಯಿಲೆ. "ಈಗಲೂ ಸೋಂಕು ಇದ್ರೆ ಮದ್ದು ಕೊಡ್ತೇನೆ. ಆದ್ರೆ ಮುಚ್ಚಿದ ನಾಳವನ್ನು ಯಾವ ಮಾತ್ರೆಯೂ ತೆರೆಯುದಿಲ್ಲಮ್ಮ" ಎಂದರು.

ವಾರಿಜಕ್ಕ ಅಳಲಿಲ್ಲ. ಹೊರಗೆ ಬಂದ ಮೇಲೆ ಭಾವ ಹೇಳಿದ ಮೊದಲ ಮಾತು ಕೇಳಿ: "ಮನೆಯಲ್ಲಿ ಎಂತದೂ ಹೇಳ್ಬೇಡ. ಮರ್ಯಾದೆ ಪ್ರಶ್ನೆ." ಪ್ರನಾಳ ಶಿಶುವಿನ ದಾರಿ ಉಂಟು ಎಂದು ಡಾಕ್ಟರು ಹೇಳಿದ್ದರು. ಅದೊಂದನ್ನೇ ಮನೆಯಲ್ಲಿ ಹೇಳಿದಾಗ, ನಾಗನ ಮುನಿಸು ಇರುವಾಗ ಅದೆಲ್ಲ ನಿಲ್ಲುವುದಿಲ್ಲ ಎಂದರು ಮಾಮಿ. ಭಾವ ವಿಮಾನ ಹತ್ತಿದರು. ವಾರಿಜಕ್ಕ ಬಾಯಿ ಮುಚ್ಚಿಕೊಂಡು ಬಂಜೆ ಎನ್ನಿಸಿಕೊಂಡಳು.

ಈಗ ಭಾವ ಗಲ್ಫ್ ಬಿಟ್ಟು ಊರಿಗೇ ಬಂದಿದ್ದಾರೆ. ಕಳೆದ ವಾರ ಅವರ ತಮ್ಮನ ಹೆಂಡತಿಯ ಸೀಮಂತವಿತ್ತು. ಚಪ್ಪರದ ತುಂಬ ಜನ. ಬಸುರಿಗೆ ಹೂ ಮುಡಿಸಲು ಮುತ್ತೈದೆಯರನ್ನು ಕರೆದಾಗ ವಾರಿಜಕ್ಕನೂ ಎದ್ದಳು. ಮಾಮಿ ಅವಳ ರಟ್ಟೆ ಹಿಡಿದು, "ನೀನು ಒಳಗೆ ಪಾಯಸ ನೋಡು. ನಿನ್ನ ದೋಷ ಆ ಹುಡುಗಿಗೆ ತಾಗುದು ಬೇಡ" ಎಂದರು. ಮೆಲ್ಲಗೆ ಹೇಳಿದರೆ ಅದು ಬೇರೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ವಾರಿಜಕ್ಕ ಕೈ ಬಿಡಿಸಿಕೊಂಡಳು. "ಮಾಮಿ, ನನಗೆ ನಾಗದೋಷ ಇಲ್ಲ. ನಿಮ್ಮ ಮಗ ಪರದೇಶದಿಂದ ಹೆಂಗಸರ ಸಹವಾಸದ ರೋಗ ತಂದು ನನಗೆ ಅಂಟಿಸಿದ್ರು. ಅವರು ಇಂಜೆಕ್ಷನ್ ತಗೊಂಡು ಗುಣ ಆದ್ರು. ನನಗೆ ನೀವು ಕಷಾಯ ಕೊಟ್ರಿ. ಅದಕ್ಕೇ ನನಗೆ ಮಕ್ಕಳಾಗ್ಲಿಲ್ಲ."

ಭಾವ ಎದ್ದು ಅಂಗಳಕ್ಕೆ ಹೋದರು. ಮಾಮಿ ಹೇಳಿದ್ದು ಇಷ್ಟೇ: "ಗಂಡಸರು ಅಂದ ಮೇಲೆ ಅದೆಲ್ಲ ಇರ್ತದೆ. ಅದನ್ನು ಹೆಣ್ಣಾದವಳು ನಾಲ್ಕು ಜನರೆದುರು ಹೇಳುದಾ?" ಅಲ್ಲಿದ್ದ ಎಷ್ಟೋ ಹೆಂಗಸರು ಹೌದೆಂದು ತಲೆಯಾಡಿಸಿದರು. ಥೂ!

ಅವತ್ತಿನಿಂದ ವಾರಿಜಕ್ಕ ಪುತ್ತಿಗೆಯಲ್ಲಿ ನಮ್ಮ ಮನೆಯಲ್ಲಿದ್ದಾಳೆ. ಕಿಟಕಿ ಮುಚ್ಚಿ ಇಷ್ಟು ಹೇಳುವಷ್ಟರಲ್ಲಿ ನನ್ನ ಫೋನಿಗೆ ಭಾವನ ಕರೆ ಬಂತು. "ಅವಳಿಗೆ ಕೊಡು" ಎಂದರು. ಬೈಯಲು ನನ್ನ ನಾಲಗೆ ತುದಿಯಲ್ಲೇ ಇತ್ತು, ನುಂಗಿಕೊಂಡು ಕೊಟ್ಟೆ. ಆ ಕಡೆಯ ಗಂಟಲು ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು: ನನ್ನ ಮಾನ ಹೋಯ್ತು, ಪೇಟೆಯಲ್ಲಿ ತಲೆ ಎತ್ತುವ ಹಾಗಿಲ್ಲ, ನಿನಗೆ ಏನನ್ನಿಸುದಿಲ್ವಾ?

ವಾರಿಜಕ್ಕ ಪೂರ್ತಿ ಕೇಳಿಸಿಕೊಂಡಳು.

"ನಿಮ್ಮದು ಹೋದದ್ದು ಮಾನ ಮಾತ್ರ ಅಲ್ವಾ?" ಎಂದು ಹೇಳಿ ಫೋನು ಇಟ್ಟಳು.