ನೀರಿಗೆ ಹಾಕದ ಚಿತ್ರ

“ನನ್ನ ಮಗಳ ಎಲೆ ಎಲ್ಲಿ ಹೋತ್ರೀ ಸಾರ್?”

ನಮ್ಮ ಕಚೇರಿಯಲ್ಲಿ ಕಸ ಗುಡಿಸುವ ಹಾಲಮ್ಮ ಕಾಗದವೊಂದನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟಳು. ಅದರ ತುಂಬ ಬರೀ ಕಡುನೀಲಿ.

ಎಪ್ಪತ್ತರ ದಶಕದ ಮಾತು. ಚನ್ನಗಿರಿಯಲ್ಲಿ ನಾಲೆಗಳ ನಕ್ಷೆಗೆ ಬಿಸಿಲಿನಲ್ಲಿ ನೀಲಿ ಪ್ರತಿ ತೆಗೆಯುವುದು ನನ್ನ ಕೆಲಸ. ಮಿಕ್ಕ ಚೂರು ಕಾಗದಗಳ ಮೇಲೆ ಎಲೆ, ಹೂವಿಟ್ಟು, ಗಾಜು ಮುಚ್ಚಿ ಅವುಗಳ ಚಿತ್ರವನ್ನೂ ತೆಗೆಯುತ್ತಿದ್ದೆ. ಅದನ್ನು ಕಂಡೇ ಹಾಲಮ್ಮ ಹಿಂದಿನ ತಿಂಗಳು ಮಗಳ ಪುಸ್ತಕದೊಳಗಿದ್ದ ಒಣ ನುಗ್ಗೆ ಎಲೆ ತಂದಿದ್ದಳು. ಆ ಹುಡುಗಿ ಬಟ್ಟೆ ಒಗೆಯಲು ಹೋಗಿ ನಾಲೆಯ ಪಾಲಾಗಿದ್ದಳು.

ಚಿತ್ರ ಮೂಡಿದ ಕಾಗದವನ್ನು ತೊಳೆಯಲು ತೊಟ್ಟಿಯ ಬಳಿ ಒಯ್ದಾಗ ಆಕೆ ನನ್ನ ಕೈ ಹಿಡಿದುಕೊಂಡಳು. “ಅದನ್ನೂ ನೀರಿಗೆ ಹಾಕಬ್ಯಾಡ್ರೀ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ.”

ತೊಳೆಯಲು ನನಗೆ ಮನಸ್ಸಾಗಲಿಲ್ಲ. ತೊಳೆಯದ ಕಾಗದಕ್ಕೆ ಬೆಳಕು ತಾಗಿದರೆ ಎಲೆಯ ಬಿಳಿ ಅಚ್ಚೂ ನೀಲಿಗೆ ತಿರುಗಿಬಿಡುತ್ತದೆ. ಬೆಳಕಿಗೆ ತೆಗೆಯಬೇಡ, ಪೆಟ್ಟಿಗೆಯಲ್ಲಿಡು ಎಂದು ಹಾಗೆಯೇ ಕೊಟ್ಟೆ. ಆಕೆಗೆ ತಡೆಯಲಾಗಲಿಲ್ಲ, ದಿನಾ ತೆಗೆದು ನೋಡುತ್ತಿದ್ದಳಂತೆ. ಒಣ ಎಲೆಯೋ ಅಂದೇ ಗಾಜಿನಡಿ ಪುಡಿಯಾಗಿತ್ತು.

ತೊಳೆದಿದ್ದರೆ ಚಿತ್ರ ಉಳಿಯುತ್ತಿತ್ತು. ಆದರೆ ಈಗ ಆ ತಾಯಿಗೆ, ಕಾಗದವೇ ಕೆಟ್ಟದ್ದಾಗಿತ್ತು ಎಂದೆ. ಹಾಲಮ್ಮ ಆ ಬರೀ ನೀಲಿ ಕಾಗದವನ್ನೇ ಮತ್ತೆ ಮಡಚಿ ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು, ಬೆಳಕು ತಾಗದಂತೆ.