ಹಗೇವು ಹುಡುಕುವ ಹವಾಲ್ದಾರ

ಸಾವಿರದ ಒಂಬೈನೂರ ಎಂಬತ್ಮೂರರ ಬೇಸಿಗೆಯಲ್ಲಿ ನಮ್ಮ ಅಂಗಳಕ್ಕೆ ಬಂದ ಕುಬಿಹಾಳದ ಮಾಜಿ ಹವಾಲ್ದಾರ ಈರಬಸಪ್ಪ ಕಾಕಾ ನೆಲಕ್ಕೆ ಕೋಲು ಬಡಿದು, “ಇಲ್ಲೇ ಹಳೇ ಹಗೇವು ಐತಿ” ಎಂದವರೇ, ನೆಲ ಕುಸಿದು, ಜೋಳ ಹೂತಿಡುತ್ತಿದ್ದ ಆ ಕುಣಿಯೊಳಗೆ ಸೊಂಟದವರೆಗೆ ಇಳಿದುಬಿಟ್ಟರು. ಎಳೆದು ನಿಲ್ಲಿಸಿದರೆ ಧೂಳು ಕೊಡವಿ ನಮಗೇ ಸೆಲ್ಯೂಟ್ ಹೊಡೆದರು. ನೆಲದೊಳಗಿನ ಕಾಳು ಉಸಿರಾಡುವುದು ಅವರಿಗೆ ಕೇಳಿಸುತ್ತದೆಂದು ಊರ ನಂಬಿಕೆ. ಚಹಾ ಕುಡಿಯುವಾಗಲೂ ಕಣ್ಣು ಮುಚ್ಚಿ ಅಂಗಾಲಿನಿಂದ ಆಲಿಸುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಗೆದ್ದ ಆಫ್ರಿಕಾದ ಪ್ರಾಂತವೊಂದರಲ್ಲಿ ಹಗೆಯನ್ನು ಬಿಟ್ಟು ಹಗೇವು ಹುಡುಕಲು, ಹಸಿದ ಹಳ್ಳಿಗರು ಬಚ್ಚಿಟ್ಟ ಜೋಳವನ್ನು ಪಲ್ಟಣಕ್ಕೆ ತರಲು, ಇವರನ್ನೇ ಕಳಿಸಿದ್ದರಂತೆ. “ಅಲ್ಲೂ ನಮ್ಮಂಗ ಮಂಜು ಬಿದ್ದ ಮುಂಜಾನಿ, ನಮ್ಮಂಗ ಜ್ವಾಳದ ವಾಸನಿ” ಎನ್ನುತ್ತ ಕನಸಿಗೆ ಜಾರುತ್ತಾರೆ. “ಕಾಕಾ, ಒಟ್ಟು ಎಷ್ಟು ಹಗೇವು ಹಿಡಕೊಟ್ರಿ?” ಎಂದೆ. “ಒಂದೂ ಇಲ್ಲಪಾ. ಉಂಡ ಮನಿ ಜಂತಿ ಎಣಸಬಾರದು. ನಾ ಎಲ್ಲಾರ ಮನ್ಯಾಗೂ ಉಂಡಿದ್ದೆ.”