ನಟ್ಟಿನ ಮೇಲಿನ ಗೆರೆ

ಅವನನ್ನು ಎಲ್ಲರೂ ಗೆರೆ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಗಾಡಿ ರಿಪೇರಿ ಮಾಡುವವರು ಆ ರಸ್ತೆಯಲ್ಲಿ ಬೇರೆಯವರೂ ಇದ್ದರು, ಆದರೆ ಬಿಗಿದ ನಟ್ಟಿನ ಮೇಲೆ ಗೆರೆ ಎಳೆಯುವವನು ಇವನೊಬ್ಬನೇ. ಇನ್ನು ತಿರುಗುವುದಿಲ್ಲ ಎನ್ನುವವರೆಗೆ ನಟ್ಟು ಬಿಗಿದು, ಬೋಲ್ಟಿನ ತುದಿಯಿಂದ ನಟ್ಟಿನ ಅಂಚಿನವರೆಗೆ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಮುಂದೆಂದಾದರೂ ನಟ್ಟು ಕೂದಲೆಳೆಯಷ್ಟು ಅಲುಗಿದರೂ ಗೆರೆ ಮುರಿದು ಕಾಣಬೇಕು, ಅದಕ್ಕೆ. ಬಣ್ಣ ಹೆಂಡತಿಯ ಉಗುರುಬಣ್ಣ. ಮದುವೆಯ ಹೊಸತರಲ್ಲಿ ಆಕೆ ಆಸೆಪಟ್ಟು ಕೊಂಡ ಶೀಶೆಯನ್ನು "ಒಂದ್ನಿಮಿಷ ಕೊಡು" ಎಂದು ಒಯ್ದವನು ವಾಪಸು ಕೊಡಲೇ ಇಲ್ಲ. ಆಮೇಲೆ ಬಂದ ಶೀಶೆಗಳೆಲ್ಲ ನೇರವಾಗಿ ಶೆಡ್ಡಿಗೇ ಹೋದವು. "ನನ್ನ ಉಗುರಿಗಿಲ್ಲದ ಸಿಂಗಾರ ಇವ್ರ ನಟ್ಟಿಗೆ" ಎಂದು ಆಕೆ ಬಂದವರೆದುರು ಹೇಳಿ ನಗಿಸುತ್ತಿದ್ದಳು. ರಸ್ತೆಯ ಪಡ್ಡೆ ಹುಡುಗರು ಇನ್ನೊಂದು ಮಾತು ಕಟ್ಟಿದ್ದರು: ಮೇಸ್ತ್ರಿ ಹಾಕಿದ ಗೆರೆಯನ್ನು ನಟ್ಟೂ ದಾಟುವುದಿಲ್ಲ, ಹೆಂಡತಿಯೂ ದಾಟುವುದಿಲ್ಲ. ಮೇಸ್ತ್ರಿಗೆ ಈ ಮಾತು ಕೇಳಿದಾಗಲೆಲ್ಲ ಒಳಗೊಳಗೇ ಖುಷಿಯಾಗುತ್ತಿತ್ತು.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಅವನ ಬಲಗೈಯೇ ಅವನಿಗೆ ಕೈಕೊಟ್ಟಿತು. ಮೊದಲು ಬೆರಳ ತುದಿಯಲ್ಲಿ ಜೋಮು, ಆಮೇಲೆ ಅದೂ ಇಲ್ಲ. ಬಿಸಿ ಲೋಟ ಹಿಡಿದರೆ ಬಿಸಿ ಎಂದು ಗೊತ್ತಾಗುತ್ತಿರಲಿಲ್ಲ. ಕತ್ತಿನಲ್ಲಿ ನರ ಒತ್ತಿಕೊಂಡಿದೆ, ಇನ್ನು ಸ್ಪ್ಯಾನರ್ ಮುಟ್ಟಬೇಡಿ ಎಂದರು ಡಾಕ್ಟರು. ಮನೆಗೆ ಬಂದು "ಏನಿಲ್ಲ, ವಾಯು ಅಂತೆ" ಎಂದ. ಅಂಗಿಯ ಗುಂಡಿ ಹಾಕಲಾಗದೆ ಟೀ ಶರ್ಟು ತೊಡತೊಡಗಿದ. "ಈ ವಯಸ್ಸಲ್ಲಿ ಏನ್ರೀ ಶೋಕಿ?" ಎಂದು ಹೆಂಡತಿ ಛೇಡಿಸಿದಳು. ಅವನೂ ನಕ್ಕ.

ಕೆಲಸ ಮಾತ್ರ ಬಿಡಲಿಲ್ಲ. ಇಷ್ಟು ದಿನ ಬೆರಳು ಹೇಳುತ್ತಿದ್ದುದನ್ನು ಈಗ ಭುಜವನ್ನು ಕೇಳತೊಡಗಿದ. ಸ್ಪ್ಯಾನರಿಗೆ ಮೈಭಾರ ಹಾಕಿ, ಹಲ್ಲು ಕಚ್ಚಿ, ಸಾಕು ಎನಿಸಿದಾಗ ಗೆರೆ ಎಳೆಯುತ್ತಿದ್ದ. ಗೆರೆ ತುಸು ನಡುಗುತ್ತಿತ್ತು. ಹಾಲಿನ ವ್ಯಾನಿಗೆ ಹೀಗೇ ಚಕ್ರ ಕೂರಿಸಿದ, ಶಾಲೆ ಮಕ್ಕಳ ಟೆಂಪೊಗೆ ಹೀಗೇ ಬ್ರೇಕು ಬಿಗಿದ. ಆ ಟೆಂಪೊ ದಿನಾ ಬೆಳಿಗ್ಗೆ ಶೆಡ್ಡಿನ ಮುಂದೆ ಇಳಿಜಾರಿಗೆ ತಿರುಗುವಾಗ ಡ್ರೈವರು ಎರಡು ಸಲ ಹಾರ್ನ್ ಹೊಡೆಯುತ್ತಿದ್ದ, ಮೇಸ್ತ್ರಿ ಕೈ ಎತ್ತುತ್ತಿದ್ದ. ಅವನನ್ನು ಇಲ್ಲಿ ಹಿಡಿದು ಬೈಯಬೇಕು ಅನಿಸುತ್ತದೆ. ಬೈಯಬಹುದು. ಆದರೆ ಒಂದೇ ಒಂದು ಕೆಲಸ ಬಲ್ಲ ಮನುಷ್ಯನಿಗೆ, ಅದನ್ನು ಬಿಟ್ಟರೆ ತಾನು ಯಾರು ಎಂಬ ಭಯ ಸಣ್ಣದಲ್ಲ.

ಅಷ್ಟರಲ್ಲಿ ಜೀಪು ಬಂತು. ತಂದವಳು ಮಗಳು. ಅವಳ ಗಂಡ ಇನ್ನೊಂದೂರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ತವರಿಗೆ ಬಂದ ಹುಡುಗಿ ಅಳುತ್ತ ಕೂರದೆ ಡ್ರೈವಿಂಗ್ ಕಲಿತಳು. ಗುಡ್ಡದ ಮೇಲಿನ ಮನೆಗಳಿಗೆ ಬಸ್ಸಿರಲಿಲ್ಲ, ರಸ್ತೆಯೆಂದರೆ ಕಲ್ಲು ಮತ್ತು ಕೊರಕಲು. ಅಲ್ಲಿನ ಜನರನ್ನು ಹತ್ತಿಸಿ ಇಳಿಸಿ ಬದುಕುತ್ತೇನೆಂದು ಬಳೆ ಮಾರಿ, ಒಬ್ಬ ಕಂಟ್ರಾಕ್ಟರನ ಹಿತ್ತಲಲ್ಲಿ ಮಲಗಿದ್ದ ಜೀಪು ಕೊಂಡಳು. ನಾಲ್ಕೂ ಚಕ್ರ ಎಳೆಯುವ ಗಾಡಿ, ಗೋಡೆ ತೋರಿಸಿದರೂ ಹತ್ತುತ್ತದೆ ಎಂದಿದ್ದ ಮಾರಿದವನು. ಅಂಗಳಕ್ಕೆ ಅದು ಬಂದದ್ದು ಟ್ರ್ಯಾಕ್ಟರಿನ ಹಗ್ಗದ ತುದಿಯಲ್ಲಿ.

"ಅಪ್ಪಾ, ನೀವೇ ಮಾಡ್ಬೇಕು. ಬೇರೆಯವ್ರ ಕೈಗೆ ಕೊಡಲ್ಲ" ಎಂದಳು.

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಮೇಸ್ತ್ರಿ ಅವಳ ಬೋಳು ಮುಂಗೈ ನೋಡಿದ. "ನನ್ನ ಬಿಟ್ಟು ಇನ್ಯಾರು ಮಾಡ್ತಾರೆ?" ಎಂದುಬಿಟ್ಟ.

ಮಾಡುವುದು ಬೇಕಾದಷ್ಟಿತ್ತು. ಗಾಳಿ ಸೋಸುವ ಡಬ್ಬದಲ್ಲಿ ಇಲಿ ಸಂಸಾರ ಹೂಡಿತ್ತು. ತಗಡಿನ ನೆಲ ತುಕ್ಕು ತಿಂದು ಕೂತಲ್ಲಿಂದಲೇ ಹುಲ್ಲು ಕಾಣುತ್ತಿತ್ತು. ಕ್ಲಚ್ ಪ್ಲೇಟು ಹಪ್ಪಳವಾಗಿತ್ತು. ಮುಂದಿನ ಚಕ್ರಗಳಿಗೆ ಬಲ ಕೊಡುವ ಗೇರು ಕೆಸರು ಕಲ್ಲಾಗಿ ಕಚ್ಚಿಕೊಂಡಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬಡಿದು, ಬೈದು ಬಿಡಿಸಬೇಕಾಯಿತು. ಹೆಂಡತಿ ಎಂದಿನಂತೆ ರಿಪೇರಿ ಗುಂಡಿಯಲ್ಲಿ ಟಾರ್ಚು ಹಿಡಿದು ನಿಂತಿರುತ್ತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಬೇಕಾದ ಅಳತೆಯ ಸ್ಪ್ಯಾನರು ಕೈಗೆ ಬರುತ್ತಿತ್ತು. ಸಂಸಾರದ ಅರ್ಧ ಅವರು ಆ ಗುಂಡಿಯಲ್ಲೇ ಮಾಡಿದ್ದರು.

ಕೊನೆಗೆ ಉಳಿದದ್ದು ಸ್ಟೀರಿಂಗ್ ಪೆಟ್ಟಿಗೆ. ನಾಲ್ಕು ಬೋಲ್ಟುಗಳ ಮೇಲೆ ಅದು ಗಾಡಿಯ ಅಡಿಚೌಕಟ್ಟಿಗೆ ಕೂತಿರುತ್ತದೆ. ಕಳಚಿತೋ, ಸ್ಟೀರಿಂಗು ಕೈಯಲ್ಲಿ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ. ಅದನ್ನು ಬಿಗಿಯುವಾಗ ಮೇಸ್ತ್ರಿಯ ಕೈಯಿಂದ ಸ್ಪ್ಯಾನರು ಜಾರಿ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಟಾರ್ಚಿನ ಬೆಳಕು ನಟ್ಟಿನಿಂದ ಸರಿದು ಅವನ ಬೆರಳುಗಳ ಮೇಲೆ ನಿಂತಿತು.

"ಎತ್ತ ಹಿಡಿದಿದೀಯ? ಕಣ್ಣು ಎಲ್ಲಿದೆ?" ಎಂದು ರೇಗಿದ.

ಬೆಳಕು ನಟ್ಟಿಗೆ ಮರಳಿತು. ಅವನು ಮೈಭಾರ ಹಾಕಿ ಬಿಗಿದ, ಗೆರೆ ಎಳೆದ.

ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ಸಾಹೇಬರು ದೀಪ ಹಚ್ಚಿಸಿದರು, ಹಾರ್ನ್ ಹೊಡೆಸಿದರು, ಬಗ್ಗಿ ಗಾಡಿಯ ಅಡಿಭಾಗಕ್ಕೆ ಒಮ್ಮೆ ಕಣ್ಣಾಡಿಸಿದರು. "ನಿಮ್ಮ ಗೆರೆ ಇದ್ಮೇಲೆ ನಾನೇನ್ರೀ ನೋಡೋದು, ಮೇಸ್ತ್ರಿ" ಎಂದು ಸೀಲು ಒತ್ತಿದರು. ಮಗಳು ಅಂಗಳದಲ್ಲೇ ಕುಣಿದಳು. ಮೇಸ್ತ್ರಿಗೆ ಆ ಸಂಜೆ ಊಟ ಸೇರಲಿಲ್ಲ.

ಮೊದಲ ಸವಾರಿಯ ಬೆಳಿಗ್ಗೆ ಜೀಪು ಇನ್ನೂ ಗುಂಡಿಯ ಮೇಲೆ ನಿಂತಿರುವಾಗಲೇ ಜನ ಹತ್ತಿ ಕೂತಿದ್ದರು. ಗಂಟು ಮಡಿಲಲ್ಲಿಟ್ಟುಕೊಂಡ ಒಬ್ಬ ಅಜ್ಜಿ, ಆಸ್ಪತ್ರೆಯಿಂದ ಕೂಸಿನೊಂದಿಗೆ ಮನೆಗೆ ಹೊರಟ ಬಾಣಂತಿ, ಅವಳ ಅಣ್ಣ. ಗಾಡಿ ಬಿಟ್ಟುಕೊಡುವ ಮೊದಲು ಗೆರೆಗಳನ್ನು ಒಮ್ಮೆ ನೋಡುವುದು ಮೇಸ್ತ್ರಿಯ ಪದ್ಧತಿ. ಗುಂಡಿಗಿಳಿದ. ತಲೆಯ ಮೇಲೆ ತಗಡಿನಲ್ಲಿ ಅಜ್ಜಿಯ ಕಾಲು ಸದ್ದು ಮಾಡುತ್ತಿತ್ತು.

ಸ್ಟೀರಿಂಗ್ ಪೆಟ್ಟಿಗೆಯ ನಾಲ್ಕೂ ಗೆರೆಗಳು ನೆಟ್ಟಗಿದ್ದವು.

ಈಚೆಗೆ ಅವನ ಗೆರೆ ನೆಟ್ಟಗೆ ಬರುತ್ತಿರಲಿಲ್ಲ. ಎಡಗೈ ಉಗುರಿನಿಂದ ಹೊಸ ಬಣ್ಣ ಕೆರೆದ. ಬೋಲ್ಟಿನ ಎಳೆಗಳ ಸಂದಿಯಲ್ಲಿ ಹಳೆಯ ಗೆರೆಯ ಬಣ್ಣ ಉಳಿದಿತ್ತು. ನಟ್ಟಿನ ಮೇಲೂ ಒರೆಸಿ ಹೋಗದ ಕಲೆಯೊಂದಿತ್ತು. ಎರಡೂ ಒಂದೇ ಸಾಲಿನಲ್ಲಿರಬೇಕಿತ್ತು. ನಡುವೆ ಅರ್ಧ ಸುತ್ತಿನ ಅಂತರವಿತ್ತು. ಯಾರೋ ಬಂದು ಮತ್ತೆ ಬಿಗಿದಿದ್ದರು, ನಟ್ಟು ಅರ್ಧ ಸುತ್ತು ಹೋಗಿತ್ತು.

ತಲೆಯೆತ್ತಿದಾಗ ಗುಂಡಿಯ ಮೆಟ್ಟಿಲ ಮೇಲೆ ಹೆಂಡತಿ ನಿಂತಿದ್ದಳು.

"ನೀನಾ?"

"ನಾನೇ. ನಿನ್ನೆ ನೀವು ಕ್ಷೌರಕ್ಕೆ ಹೋದಾಗ."

"ನನ್ನ ಗೆರೆ ಮೇಲೆ ಕೈ ಹಾಕ್ದೆ."

"ಹಾಕ್ದೆ. ಅವಳು ನನಗೂ ಮಗಳು."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ಆಕೆ ಎಷ್ಟು ಮೆಲ್ಲಗೆ ಆಡಿದಳೆಂದರೆ ಅವನಿಗೆ ರೇಗಲೂ ದಾರಿಯಿರಲಿಲ್ಲ. ಆಕೆ ಅವನ ಮಾನ ಉಳಿಸಲೆಂದೇ ಗೆರೆ ಎಳೆದು ಮುಚ್ಚಿಟ್ಟಿದ್ದಳು. ಅವನು ಸುಮ್ಮನೆ ಮೇಲೆ ಬಂದು "ಹೊರಡಿ" ಎಂದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

"ಉಳಿದದ್ದು?" ಎಂದು ಕೇಳಿದ.

"ಅಷ್ಟೊತ್ತಿಗೇ ನೀವು ಬಂದ್ಬಿಟ್ರಿ. ಉಳಿದದ್ದು ನೋಡಿಲ್ಲ."

ಮೇಸ್ತ್ರಿ ಮೇಲೆ ಬಂದ. "ಎಲ್ರೂ ಇಳೀರಿ" ಎಂದ.

"ಯಾಕಪ್ಪಾ?" ಮಗಳು ಕೀಲಿ ಹಿಡಿದು ನಿಂತಿದ್ದಳು.

"ಗೆರೆ ಇದೆಯಲ್ಲ ಮೇಸ್ತ್ರಿ, ಇನ್ನೇನು?" ಎಂದು ಬಾಣಂತಿಯ ಅಣ್ಣ ನಕ್ಕ.

"ಗೆರೆ ಇದೆ. ನಟ್ಟು ಬಿಗಿಯಾಗಿಲ್ಲ. ನನ್ನ ಕೈ ಹೋಗಿದೆ, ಮಗಾ. ಚಳಿಗಾಲದಿಂದ ಹೋಗಿದೆ." ಹೇಳುತ್ತ ಬಲಗೈಯನ್ನು ಮಗಳ ಮುಂದೆ ಹಿಡಿದ, ಒಡೆದ ಸಾಮಾನು ತೋರಿಸುವ ಹಾಗೆ. ಅಜ್ಜಿ ಗಂಟು ಎತ್ತಿಕೊಂಡು ಇಳಿದಳು. ಮಗಳು ನೋಡುತ್ತಿದ್ದದ್ದು ಕೈಯನ್ನಲ್ಲ, ಅವನ ಮುಖವನ್ನು. ಆ ನೋಟ ಅವನಿಗೆ ಸಾಯುವವರೆಗೂ ಸಾಕಾಗುವಷ್ಟಿತ್ತು.

ಆಮೇಲೆ ಹೆಂಡತಿ ಸ್ಪ್ಯಾನರು ಹಿಡಿದು ಗುಂಡಿಗಿಳಿದಳು. ಟಾರ್ಚು ಅವನ ಎಡಗೈಯಲ್ಲಿ. ಮುಂದಿನ ಸ್ಪ್ರಿಂಗಿನ ನಟ್ಟು ತಿರುಗಿತು. ಅದರ ಪಕ್ಕದ್ದು ತಿರುಗಿತು. ಹಿಂದಿನ ಬ್ರೇಕಿನ ಪೈಪು ಹಿಡಿದ ನಟ್ಟಿಗೆ ಸ್ಪ್ಯಾನರೇ ಬೇಕಾಗಲಿಲ್ಲ, ಆಕೆಯ ಬೆರಳಿಗೇ ತಿರುಗಿತು. ಪ್ರತಿಯೊಂದರ ಮೇಲೂ ಕೆಂಪು ಗೆರೆಯಿತ್ತು. ಆಕೆ ಒಂದೊಂದಾಗಿ ಬಿಗಿಯುತ್ತ ಹೋದಳು.

"ಹಾಲಿನ ವ್ಯಾನು" ಎಂದ ಮೇಸ್ತ್ರಿ, ಇದ್ದಕ್ಕಿದ್ದಂತೆ.

ಆಕೆ ತಿರುಗಿ ನೋಡಿದಳು.

"ಟೆಂಪೊ" ಎಂದ.

ಹಾರ್ನ್ ಕೇಳಿಸಿದ್ದು ಆಗಲೇ. ತಿರುವಿನಾಚೆ ಇನ್ನೂ ದೂರವಿತ್ತು. ಮೇಸ್ತ್ರಿ ಟಾರ್ಚು ಬಿಸಾಡಿ ಗುಂಡಿಯಿಂದ ಎದ್ದು ಓಡಿದ. ಅಂಗಳದಲ್ಲಿ ಬಾಣಂತಿಗೆ ಡಿಕ್ಕಿ ಹೊಡೆಯುತ್ತಿದ್ದ, ಹೇಗೋ ತಪ್ಪಿತು. ರಸ್ತೆಯ ಅಂಚಿಗೆ ಬಂದು ಬಲಗೈ ಎತ್ತಿದ. ಡ್ರೈವರು ದಿನದ ನಮಸ್ಕಾರವೆಂದುಕೊಂಡು ಎರಡು ಸಲ ಹಾರ್ನ್ ಹೊಡೆದ. ಕಿಟಕಿಗಳಲ್ಲಿ ಮಕ್ಕಳೂ ಕೈ ಬೀಸಿದರು.

ಮೇಸ್ತ್ರಿ ರಸ್ತೆಯ ನಡುವೆ ಹೋಗಿ ನಿಂತ. ಎದುರಿನ ಟೆಂಪೊದ ಬ್ರೇಕು ಬಿಗಿದ ಕೈ ಯಾವುದೆಂದು ಅಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹಿಂದೆ ಮಗಳು "ಅಪ್ಪಾ!" ಎಂದು ಕಿರುಚಿದ್ದು ಕೇಳಿಸಿತು. ಕಣ್ಣು ಮುಚ್ಚಲಿಲ್ಲ.

ಟೆಂಪೊ ಕಿರ್ರೆಂದು ಜಾರಿ, ಅಡ್ಡಡ್ಡ ಸರಿದು, ಮೂತಿ ಅವನ ಎದೆಗೆ ತಾಗುವಷ್ಟರಲ್ಲಿ ನಿಂತಿತು. ಬಾನೆಟ್ಟಿನ ಬಿಸಿ ಅವನ ಮುಖಕ್ಕೆ ಹೊಡೆಯಿತು. ಅದರ ಮೇಲೆ ಊರಿದ್ದ ಬಲಗೈಗೆ ಮಾತ್ರ ಬಿಸಿ ಗೊತ್ತಾಗಲಿಲ್ಲ.

"ಏನ್ ಮೇಸ್ತ್ರಿ, ಸಾಯ್ಬೇಕು ಅಂತ ಇದೆಯಾ?" ಡ್ರೈವರು ಕಿಟಕಿಯಿಂದ ತಲೆ ಹಾಕಿ ಕೂಗಿದ.

"ಮಕ್ಕಳನ್ನ ಇಳಿಸು" ಎಂದ ಮೇಸ್ತ್ರಿ.